ಎಷ್ಟು ಸಲ ತೆಗೆದೆ?

ಅಕ್ಕನ ಎಡಗಡೆ ನಿಂತು ಮಾತಾಡಿದರೆ ಪ್ರಯೋಜನವಿರಲಿಲ್ಲ. ಹೊಸಬರು ತಿಳಿಯದೆ ಆ ಕಡೆ ನಿಂತರೆ ಅವರು ಏನೂ ಹೇಳದೆ ತಾವೇ ಅರ್ಧ ಸುತ್ತು ತಿರುಗಿ ಬಲಕಿವಿಯನ್ನು ಮುಂದೆ ತರುತ್ತಿದ್ದರು. ನೋಡಿದವರಿಗೆ ಅದು ಗತ್ತಿನಂತೆ ಕಾಣುತ್ತಿತ್ತು. ನನ್ನ ಡೈರಿಯಲ್ಲಿ ಅವರ ಬಗ್ಗೆ ಇರುವ ಮೊದಲ ಸಾಲು ಹೀಗಿದೆ: "ನಾಲ್ಕನೇ ಪ್ರೆಸ್ಸಿನ ಆಪರೇಟರ್ ಹೆಂಗಸು. ವಯಸ್ಸು ಐವತ್ತೈದರ ಮೇಲೆ. ಮಾತಾಡಿಸಿದರೆ ಮುಖ ತಿರುಗಿಸುತ್ತಾರೆ."

ಆ ಸಾಲಿನ ಪಕ್ಕದಲ್ಲಿ ಮೂರು ವಾರಗಳ ನಂತರ ನಾನೇ ಬರೆದ ತಿದ್ದುಪಡಿ ಇದೆ: "ಎಡಕಿವಿ ಕೇಳುವುದಿಲ್ಲ."

ಕಳೆದ ಮಾರ್ಚಿನಲ್ಲಿ ಅವರು ನಿವೃತ್ತರಾದರು. ಅವರ ಬಗ್ಗೆ ಬರೆಯುತ್ತೇನೆ ಎಂದಾಗ, "ಹೆಸರು ಹಾಕಬೇಡ ಕಣಮ್ಮ. ಈಗ ನಮ್ಮ ಬೀದಿಯೋರು ಮಾತ್ರ ಕಿವುಡಮ್ಮ ಅಂತಾರೆ. ಆಮೇಲೆ ಓದಿದೋರೂ ಅನ್ನೋಕೆ ಶುರು ಮಾಡ್ತಾರೆ" ಎಂದರು. ಆದ್ದರಿಂದ ಇಲ್ಲಿ ಅವರು ಬರೀ ಅಕ್ಕ. ಪ್ರೆಸ್ ಶಾಪಿನಲ್ಲಿ ಮ್ಯಾನೇಜರ್ ಸಾರ್ ಒಬ್ಬರನ್ನು ಬಿಟ್ಟು ಎಲ್ಲರೂ ಅವರನ್ನು ಕರೆಯುತ್ತಿದ್ದದ್ದೂ ಹಾಗೆಯೇ. ನನ್ನ ಕಿವಿಗಳಿಗೆ ಏನಾಗುತ್ತಿದೆ ಎಂಬುದನ್ನು ನನಗಿಂತ ಮೊದಲು ಗಮನಿಸಿದವರು ಅವರು. ಆ ಋಣಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಕಾಮಾಕ್ಷಿಪಾಳ್ಯದಲ್ಲಿರುವ ಒಂದು ಪ್ರೆಸ್ ಶಾಪ್. ತಗಡಿನ ಹಾಳೆ ಒಂದು ಬಾಗಿಲಿನಿಂದ ಒಳಗೆ ಬರುತ್ತದೆ. ಸ್ಕೂಟರು ಬೈಕುಗಳಿಗೆ ಬೇಕಾದ ಕ್ಲಾಂಪು, ಬ್ರಾಕೆಟ್ಟು, ವಾಷರುಗಳಾಗಿ ಇನ್ನೊಂದು ಬಾಗಿಲಿನಿಂದ ಹೊರಗೆ ಹೋಗುತ್ತದೆ. ತಗಡನ್ನು ಒತ್ತಿ ಕತ್ತರಿಸುವ ಹನ್ನೊಂದು ಪ್ರೆಸ್ಸುಗಳಿವೆ, ಮೂವತ್ತನಾಲ್ಕು ಜನ ಕೆಲಸಗಾರರಿದ್ದಾರೆ. ಡಿಪ್ಲೊಮಾ ಮುಗಿಸಿದ ತಿಂಗಳಲ್ಲೇ ಕ್ವಾಲಿಟಿ ನೋಡುವ ಕೆಲಸಕ್ಕೆ ಸೇರಿದೆ. ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆಯಿಂದ ಅಲ್ಲಿಗೆ ನಡೆದು ಇಪ್ಪತ್ತೆರಡು ನಿಮಿಷ. ಹೈಸ್ಕೂಲಿನಿಂದಲೂ ನಾನು ಡೈರಿ ಬರೆಯುತ್ತೇನೆ. ಅದರಲ್ಲಿ ಭಾವನೆಗಳು ಕಡಿಮೆ, ಎಣಿಕೆ ಜಾಸ್ತಿ ಎಂದು ಅಮ್ಮ ಹಾಸ್ಯ ಮಾಡುತ್ತಾಳೆ. ಕೆಲಸಕ್ಕೆ ಸೇರಿದ ಮೇಲೆ ಸಂಜೆ ಮನೆಗೆ ಬಂದಾಗ ಕಿವಿಯಲ್ಲಿ ಒಂದು ಗುಂಯ್ ಎನ್ನುವ ಸದ್ದು ಉಳಿಯುತ್ತಿತ್ತು. ಅದು ಎಷ್ಟು ನಿಮಿಷ ಇತ್ತು ಎಂಬುದನ್ನೂ ಪ್ರತಿದಿನ ಬರೆದಿಟ್ಟಿದ್ದೆ. ಬರೆದಿಟ್ಟೆನೇ ಹೊರತು ಓದಿ ನೋಡಲಿಲ್ಲ.

ಅಕ್ಕ ದಿನಾ ಬೆಳಿಗ್ಗೆ ಸೀರೆಯ ಮೇಲೆ ಖಾಕಿ ಕೋಟು ಹಾಕಿಕೊಂಡು, ಪ್ರೆಸ್ಸು ಚಾಲೂ ಮಾಡಿ, ಅದರ ಮೈಮೇಲೆ ಅಂಗೈ ಇಟ್ಟು ಒಂದು ಕ್ಷಣ ನಿಲ್ಲುತ್ತಿದ್ದರು. ನಮಸ್ಕಾರ ಮಾಡುತ್ತಿದ್ದಾರೆ ಎಂದುಕೊಂಡಿದ್ದೆ. "ನಮಸ್ಕಾರ ಮನೇಲೇ ಆಯ್ತು. ಇದು ನಾಡಿ ನೋಡೋದು" ಎಂದರು. ಕಿವಿಗೆ ಕೇಳದ್ದನ್ನು ಅವರು ಅಂಗೈಯಿಂದ ಕೇಳುತ್ತಿದ್ದರು.

ತುಟಿ ಓದುವುದರಲ್ಲಂತೂ ಅವರನ್ನು ಮೀರಿಸುವವರಿರಲಿಲ್ಲ. ಒಂದು ದಿನ ಏಳನೇ ಪ್ರೆಸ್ಸಿನ ಹತ್ತಿರ ಇಬ್ಬರು ಆಪರೇಟರುಗಳು ಮಾತಾಡುತ್ತಿದ್ದರು. ನಾನು ಅವರ ಪಕ್ಕದಲ್ಲೇ ಇದ್ದೆ. ಒಬ್ಬ ಹೇಳಿದ: "ಮಗಾ, ರಿಟೈರ್ ಆಗೋ ವಯಸ್ಸಾಯ್ತು, ಆದ್ರೂ ಅಕ್ಕ ನಾಲ್ಕನೇ ಪ್ರೆಸ್ ಬಿಡಲ್ಲ ನೋಡು ಗುರು."

ಮೂವತ್ತು ಅಡಿ ದೂರದಿಂದ ಅಕ್ಕನ ದನಿ ಬಂತು: "ಬಿಡ್ತೀನಿ ಕಣೋ, ಮಾರ್ಚಿಗೆ. ನಿನ್ನ ಸ್ಕ್ರ್ಯಾಪ್ ಡಬ್ಬ ತುಂಬಿದೆ, ಮೊದ್ಲು ಅದನ್ನ ನೋಡ್ಕೊ."

ಅಂದಿನಿಂದ ಆ ಇಬ್ಬರೂ ಕ್ರಿಕೆಟ್ ಆಟಗಾರರ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡುತ್ತಿದ್ದರು.

ನಮ್ಮಿಂದ ಬಿಡಿಭಾಗ ಕೊಳ್ಳುವ ದೊಡ್ಡ ಕಂಪನಿಯವರು ವರ್ಷಕ್ಕೊಮ್ಮೆ ತಪಾಸಣೆಗೆ ಬರುತ್ತಾರೆ. ನಾನು ಸೇರಿದ ವರ್ಷ ಅವರು, ಸದ್ದು ತಡೆಯುವ ಇಯರ್‌ಮಫ್‌ಗಳು ಸ್ಟೋರಿನಲ್ಲಿವೆ, ಕಿವಿಯ ಮೇಲಿಲ್ಲ ಎಂದು ಬರೆದು ಹೋದರು. ಇದ್ದ ಹಳೆಯವು ಒಡೆದು ಒಣಗಿಹೋಗಿದ್ದವು. ಹೊಸದನ್ನು ಆರಿಸುವ ಕೆಲಸವನ್ನು ಮ್ಯಾನೇಜರ್ ಸಾರ್ ನನಗೆ ಕೊಟ್ಟರು. ನಾನು ಮಾದರಿಗಾಗಿ ನಾಲ್ಕು ತರಿಸಿದೆ. ಒಂದು ಕೋಷ್ಟಕ ಮಾಡಿದೆ. ಎಷ್ಟು ಸದ್ದು ತಡೆಯುತ್ತದೆ ಎಂದು ಪ್ರತಿ ಡಬ್ಬದ ಮೇಲೂ ಒಂದು ಅಂಕಿ ಇರುತ್ತದೆ; ಅತಿ ದೊಡ್ಡ ಅಂಕಿ ಇದ್ದದ್ದನ್ನು ಆರಿಸಿದೆ. ಮೂವತ್ತನಾಲ್ಕು ಬಂದವು. ದಪ್ಪಗಿದ್ದವು, ಕಡು ಹಸಿರು ಬಣ್ಣ. ಹಂಚುವಾಗ ಎಲ್ಲರೂ ಅದನ್ನು ಹೆಡ್‌ಫೋನ್ ಎಂದೇ ಕರೆದರು. "ಮೇಡಂ, ಇದ್ರಲ್ಲಿ ಹಾಡು ಬರಲ್ವಾ?" ಎಂದು ಕೇಳಿದವರು ಒಂಬತ್ತು ಜನ.

ದಿನಕ್ಕೆರಡು ಸಲ, ಹತ್ತೂವರೆಗೆ ಮತ್ತು ಮೂರು ಗಂಟೆಗೆ, ನಾನು ಪ್ಯಾಡು ಹಿಡಿದು ಒಂದು ಸುತ್ತು ಬರುತ್ತಿದ್ದೆ. ಪ್ಯಾಡಿನಲ್ಲಿ "ಹೊಸ ಇಯರ್‌ಮಫ್ ಹಾಕಿದ್ದಾರೆಯೇ?" ಎಂಬ ಕಾಲಮ್ಮು. ಮೊದಲ ವಾರದಿಂದಲೇ ಮೂವತ್ತಮೂರು ಹೌದು, ಒಂದು ಇಲ್ಲ. ಆ ಒಂದು, ಅಕ್ಕ. ಅವರು ತಮ್ಮ ಹಳೆಯ ಬೂದು ಬಣ್ಣದ್ದನ್ನೇ ಹಾಕುತ್ತಿದ್ದರು. ಅದನ್ನು ಯಾರದೋ ಮದುವೆಯ ತಾಂಬೂಲದ ಚೀಲದಲ್ಲಿಟ್ಟು ತರುತ್ತಿದ್ದರು. ಚೀಲದ ಮೇಲೆ ವಧುವಿನ ಹೆಸರು ಅಳಿಸಿ ವರನ ಹೆಸರು ಮಾತ್ರ ಉಳಿದಿತ್ತು. ಕಿವಿ ಸುತ್ತ ಕೂರುವ ಮೆತ್ತೆ ಗಟ್ಟಿಯಾದಾಗಲೆಲ್ಲ ತಾವೇ ಹೊಸದು ತರಿಸಿ ಬದಲಾಯಿಸಿಕೊಂಡಿದ್ದರಂತೆ. ಆದರೆ ನನ್ನ ಕಾಲಮ್ಮಿನಲ್ಲಿ ಹಳೆಯದಕ್ಕೆ ಜಾಗವಿರಲಿಲ್ಲ. ಹನ್ನೊಂದು ದಿನ ಅವರ ಹೆಸರಿನ ಮುಂದೆ ಕೆಂಪು ಗೆರೆ ಹಾಕಿದೆ. ಹನ್ನೆರಡನೇ ದಿನ ಹೋಗಿ ಕೇಳಿಯೇಬಿಟ್ಟೆ.

"ಅಕ್ಕ, ಎಲ್ಲರೂ ಹಾಕ್ತಾರೆ. ನೀವೊಬ್ಬರು ಯಾಕೆ ಹಾಕಲ್ಲ?"

ಅವರು ಪ್ರೆಸ್ಸು ನಿಲ್ಲಿಸಿ, ಇಯರ್‌ಮಫ್ ತೆಗೆದು, ಬಲಕಿವಿ ಮುಂದೆ ತಂದು ನನ್ನ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ನಾಳೆ ಹನ್ನೊಂದೂ ಕಾಲಿಗೆ ಬಾ. ಮುಂದಿನ ಬಾಗಿಲಿಂದ ಬರಬೇಡ. ಸ್ಕ್ರ್ಯಾಪ್ ಹಾಕೋ ಕಡೆಯಿಂದ ಬಾ. ಪ್ಯಾಡು ತರಬೇಡ."

ಹೋದೆ. ಹನ್ನೆರಡು ಇಯರ್‌ಮಫ್‌ಗಳು ಕುತ್ತಿಗೆಯಲ್ಲಿ ಹಾರದ ಹಾಗೆ ಬಿದ್ದಿದ್ದವು. ಕೆಲವು ಪ್ರೆಸ್ಸಿನ ಹಿಡಿಗಳಿಗೆ ನೇತಾಡುತ್ತಿದ್ದವು. ಒಂದು, ದೇವರ ಪಟ ಹಾಕಿದ ಮೊಳೆಗೆ. ಇನ್ನೊಂದು, ಯಾರದೋ ಊಟದ ಡಬ್ಬಿಯ ಸಡಿಲ ಮುಚ್ಚಳವನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಕಿವಿಯ ಮೇಲಿದ್ದದ್ದು ಐದು. ಆರನೆಯದು ಅಕ್ಕನ ಹಳೆಯದು. ಯಾರೋ ನನ್ನನ್ನು ನೋಡಿದರು. ಅರ್ಧ ನಿಮಿಷದಲ್ಲಿ ಎಲ್ಲವೂ ತಲೆ ಏರಿದವು.

ನಾನು ಹೋಗಿ ಮುಖ ತೊಳೆದುಕೊಂಡು ಬಂದೆ. ತಪ್ಪಿಸಿಕೊಂಡವರ ಮೇಲೆ ಸಿಟ್ಟಿರಲಿಲ್ಲ. ಗಡಿಯಾರಕ್ಕೆ ಸರಿಯಾಗಿ ಕೆಲಸ ಮಾಡುವುದೇ ನನ್ನ ಗುಣ ಎಂದು ಹೆಮ್ಮೆ ಪಡುತ್ತಿದ್ದೆ. ಆ ಗುಣವೇ ನನ್ನ ಲೆಕ್ಕವನ್ನು ಹಾಳು ಮಾಡಿತ್ತು. ಹತ್ತೂವರೆಗೆ ನಾನು ಬರುತ್ತೇನೆಂದು ಎಲ್ಲರಿಗೂ ಗೊತ್ತಿತ್ತು.

ಊಟದ ಹೊತ್ತಿನಲ್ಲಿ ಅಕ್ಕ ನನ್ನನ್ನು ಪಕ್ಕದಲ್ಲಿ, ಬಲಗಡೆಗೆ, ಕೂರಿಸಿಕೊಂಡರು. ತಮ್ಮ ಡಬ್ಬಿಯಿಂದ ಅರ್ಧ ಮುದ್ದೆ ಮುರಿದು ಬಸ್ಸಾರಿನೊಂದಿಗೆ ನನ್ನ ತಟ್ಟೆಗೆ ಹಾಕಿದರು.

"ಲೆಕ್ಕ ಎಲ್ಲಾ ಸುಳ್ಳಾಯ್ತು ಅಕ್ಕ" ಎಂದೆ.

"ಸುಳ್ಳಲ್ಲ ಕಣಮ್ಮ. ಹತ್ತೂವರೆಗೆ ಎಷ್ಟು ಜನ ಅಂತ ಬರೆದಿದೀಯ, ಅದು ನಿಜ. ಮಿಕ್ಕ ಹೊತ್ತು ಬರೆದಿಲ್ಲ, ಅಷ್ಟೇ. ಅದಿರಲಿ, ಏನು ನೋಡಿ ಆರಿಸಿದೆ ಇದನ್ನ?"

"ಡಬ್ಬದ ಮೇಲಿನ ನಂಬರು ಎಲ್ಲಕ್ಕಿಂತ ಜಾಸ್ತಿ ಇತ್ತು."

"ಹಾಕ್ಕೊಂಡು ನೋಡಿದ್ಯಾ?"

"ನಾಲ್ಕನ್ನೂ ನೋಡಿದೆ. ಒಂದೊಂದು ನಿಮಿಷ."

"ಎಲ್ಲಿ?"

"ಸ್ಟೋರ್ ರೂಮಲ್ಲಿ."

"ಫ್ಯಾನ್ ಇತ್ತಾ?"

"ಇತ್ತು."

ಅವರು ನಕ್ಕರು. ನಗುವಾಗ ಅವರ ಭುಜಗಳೆರಡೂ ಕುಣಿಯುತ್ತಿದ್ದವು, ಸದ್ದು ಬರುತ್ತಿರಲಿಲ್ಲ. "ಚಪ್ಪಲಿ ಅಂಗಡೀಲೂ ನಾಲ್ಕು ಹೆಜ್ಜೆ ನಡೀತಾರೆ ಕಣೆ" ಎಂದರು. ಆ ದಿನ ಮೊದಲ ಸಲ ಅವರು ನನಗೆ ಕಣೆ ಎಂದದ್ದು. ಡೈರಿಯಲ್ಲಿ ಅದನ್ನೂ ಬರೆದಿದ್ದೇನೆ.

ಆಮೇಲೆ ಒಂದೊಂದಾಗಿ ಹೇಳಿದರು. ಇದು ಭಾರ, ಎರಡು ಗಂಟೆಗೆ ಕತ್ತು ನೋಯುತ್ತದೆ. ಬಿಗಿತ ಜಾಸ್ತಿ, ಕನ್ನಡಕದವರಿಗೆ ಕಡ್ಡಿ ಒತ್ತಿ ತಲೆನೋವು. ತುರುಬು ಕಟ್ಟಿ ಹೂ ಮುಡಿದ ಹೆಂಗಸರಿಗೆ ಪಟ್ಟಿ ನಿಲ್ಲುವುದಿಲ್ಲ, ಜಾರುತ್ತದೆ. ಇನ್ನು ಎಲ್ಲಕ್ಕಿಂತ ದೊಡ್ಡದು: "ಇದು ಹಾಕ್ಕೊಂಡ್ರೆ ಬಾವಿಯೊಳಗೆ ಕೂತಂಗೆ. ಹಿಂದೆ ಟ್ರಾಲಿ ಬಂದ್ರೆ ಗೊತ್ತಾಗಲ್ಲ. ತಗಡು ಕತ್ತರಿಸೋ ಡೈ ಮೊಂಡಾದ್ರೆ ಸದ್ದು ಬದಲಾಗುತ್ತೆ, ಅದೂ ಗೊತ್ತಾಗಲ್ಲ. ಅದಕ್ಕೇ ಎಲ್ಲರೂ ಸ್ವಲ್ಪ ಸರಿಸಿ ಇಟ್ಕೊಳ್ತಾರೆ. ಸೊಳ್ಳೆ ಪರದೇಲಿ ಒಂದು ಸಂದಿ ಬಿಟ್ರೆ ಏನು ಬಂತು? ಕಿವಿಗೆ ಬೇಕಾದಷ್ಟು ತಡೆದ್ರೆ ಸಾಕು. ಪೂರ್ತಿ ಮುಚ್ಚಿಬಿಡೋದು ಬೇಡ."

"ಮತ್ತೆ ಯಾವುದು ಒಳ್ಳೇದು ಅಂತ ಹೇಗೆ ಗೊತ್ತಾಗುತ್ತೆ?"

"ಒಳ್ಳೇದಾ ಅಂತ ಯಾರನ್ನೂ ಕೇಳಬೇಡ. ನಿನ್ನ ಮುಖ ನೋಡಿ ಒಳ್ಳೇದು ಅಂತಾರೆ. ಎಷ್ಟು ಸಲ ತೆಗೆದೆ ಅಂತ ಕೇಳು."

ಹೀಗೆ ನಮ್ಮ ಎರಡನೇ ಆಯ್ಕೆ ಶುರುವಾಯಿತು. ಮಾದರಿಗೆ ಮತ್ತೆ ಆರು ತರಿಸಿದೆವು. ಹಾಕಿಕೊಳ್ಳುವವರನ್ನು ಅಕ್ಕನೇ ಆರಿಸಿದರು: ಕನ್ನಡಕದವರೊಬ್ಬರು, ದೊಡ್ಡ ತುರುಬಿನವರೊಬ್ಬರು, ಅಗಲವಾದ ಓಲೆ ಹಾಕುವವರೊಬ್ಬರು, ಪ್ರೆಸ್ ಶಾಪಿನಲ್ಲೇ ಅತಿ ದೊಡ್ಡ ತಲೆಯವರೊಬ್ಬರು, ಮತ್ತು ಜನವರಿಯಲ್ಲೂ ಬೆವರುವ ಏಳನೇ ಪ್ರೆಸ್ಸಿನ ಆಪರೇಟರ್. "ತೊಂದರೆ ಇರೋ ತಲೆಗಳನ್ನ ಹಿಡಿ. ಅವಕ್ಕೆ ಸರಿಹೋದ್ರೆ ಮಿಕ್ಕಿದ್ದಕ್ಕೆ ಹೋಗೇ ಹೋಗುತ್ತೆ" ಎಂಬುದು ಅವರ ಲೆಕ್ಕ. ಒಬ್ಬೊಬ್ಬರೂ ಒಂದೊಂದನ್ನು ಇಡೀ ಷಿಫ್ಟು ಹಾಕಿಕೊಳ್ಳಬೇಕು. ತೆಗೆದಾಗಲೆಲ್ಲ ಪ್ರೆಸ್ಸಿನ ಪಕ್ಕದ ಡಬ್ಬದೊಳಗೆ ಒಂದು ಹಾಳು ವಾಷರ್ ಹಾಕಬೇಕು. ಸಂಜೆ ನಾನು ವಾಷರ್ ಎಣಿಸುತ್ತಿದ್ದೆ.

ಇಷ್ಟು ಚೆಂದದ ಪ್ರಯೋಗವನ್ನು ನಮ್ಮ ಕಾಲೇಜಿನ ಲ್ಯಾಬಿನಲ್ಲೂ ನಾನು ಮಾಡಿರಲಿಲ್ಲ. ನನ್ನ ದಪ್ಪ ಹಸಿರಿನದಕ್ಕೆ ಒಬ್ಬರ ಡಬ್ಬದಲ್ಲಿ ಮೂವತ್ತೊಂದು ವಾಷರ್ ಬಿದ್ದಿದ್ದವು. ಮೆತ್ತೆ ಅಗಲವಾಗಿದ್ದ ಒಂದು ಹಗುರವಾದದ್ದಕ್ಕೆ ನಾಲ್ಕು. ಪಟ್ಟಿ ತಲೆಯ ಮೇಲೆ ಬಾರದೆ ಕತ್ತಿನ ಹಿಂದೆ ಹೋಗುವ ಒಂದು ಇತ್ತು. ತುರುಬಿನವರ ಡಬ್ಬದಲ್ಲಿ ಅದಕ್ಕೆ ಮೂರು, ಅದರಲ್ಲಿ ಒಂದು ಊಟಕ್ಕೆ, ಒಂದು ಟೀಗೆ. ಬೆವರುವವನು ಮೆತ್ತೆಯೊಳಗೆ ಕರವಸ್ತ್ರ ಮಡಚಿಟ್ಟುಕೊಂಡಿದ್ದ. ಅಕ್ಕ ಅದನ್ನು ಎಳೆದು ತೆಗೆದು ಅವನ ಕೈಗೇ ಕೊಟ್ಟರು.

"ಇದು ಮುಖ ಒರೆಸ್ಕೊಳ್ಳೋಕೆ. ಕಿವಿಗೂ ಮೆತ್ತೆಗೂ ಮಧ್ಯೆ ಬಟ್ಟೆ ಇಟ್ರೆ ಸದ್ದು ಅಲ್ಲಿಂದ್ಲೇ ನುಗ್ಗುತ್ತೆ. ಟೀ ಬಿಟ್ಟಾಗ ಒಳಗೆ ಒರೆಸಿ ಇಡು, ಒಣಗುತ್ತೆ."

"ಅಕ್ಕ, ನಿಮಗೆ ಕೇಳಲ್ವಲ್ಲ, ನೀವ್ಯಾಕೆ ಇಷ್ಟು ತಲೆ ಕೆಡಿಸ್ಕೊಳ್ತೀರ?" ಎಂದ ಅವನು, ನಗುತ್ತಲೇ.

"ಕೇಳ್ತಿದ್ದೋಳು ಕಣಪ್ಪ ನಾನು. ಏನು ಹೋಯ್ತು ಅಂತ ನನಗೆ ಗೊತ್ತು. ನಿನಗೆ ಗೊತ್ತಿಲ್ಲ."

ಅವನು ಕರವಸ್ತ್ರವನ್ನು ಜೇಬಿಗೆ ಹಾಕಿಕೊಂಡ.

ಈಗ ತಾನೆ ಕೊಂಡಿದ್ದನ್ನು ಬಿಟ್ಟು ಇನ್ನೊಂದು ಕೊಳ್ಳಲು ಮ್ಯಾನೇಜರ್ ಸಾರ್ ಒಪ್ಪಲಿಲ್ಲ. ಅದರಲ್ಲೂ ಎರಡು ಬೇರೆ ಬೇರೆ ಬಗೆಯದು ಬೇಕು ಎಂದಾಗ, ಎಲ್ಲರೂ ಒಂದೇ ಥರ ಕಂಡರೆ ಚೆಂದ ಅಲ್ಲವೇ ಎಂದರು. ಅಕ್ಕ ಜಗಳವಾಡಲಿಲ್ಲ. ನನ್ನ ಹಸಿರಿನದೊಂದನ್ನು ತೆಗೆದುಕೊಂಡು ಅವರ ಟೇಬಲ್ಲಿನ ಮೇಲಿಟ್ಟರು.

"ಇವತ್ತು ಊಟದ ತನಕ ಹಾಕ್ಕೊಳ್ಳಿ ಸಾರ್. ಆಮೇಲೆ ನೀವು ಹೇಳಿದಂಗೆ."

ಸಾರ್ ನಗುತ್ತಾ ಹಾಕಿಕೊಂಡರು. ಮಧ್ಯಾಹ್ನ ಅಕ್ಕ ಮತ್ತೆ ಹೋಗಿ ಬಾಗಿಲಲ್ಲಿ ನಿಂತು ಕೇಳಿದರು: "ಎಷ್ಟು ಸಲ ತೆಗೆದ್ರಿ ಸಾರ್?"

"ಲೆಕ್ಕ ಇಟ್ಟಿಲ್ಲಮ್ಮ."

"ಮೇಡಮ್ಮೋರು ಇಟ್ಟವ್ರೆ."

ನಾನು ಗಾಜಿನ ಆಚೆಯಿಂದ ಎಣಿಸಿದ್ದೆ. "ಹದಿನಾಲ್ಕು ಸಾರ್" ಎಂದೆ. ಅವರು ಕಿವಿ ಉಜ್ಜಿಕೊಳ್ಳುತ್ತಾ ನನ್ನನ್ನೂ ಅಕ್ಕನನ್ನೂ ನೋಡಿದರು. ಮೂರನೆಯ ದಿನ ಆರ್ಡರಿಗೆ ಸಹಿ ಹಾಕಿದರು.

ಎಣಿಸುವ ಸಮಯವನ್ನೂ ಅಕ್ಕ ಬದಲಾಯಿಸಿದರು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗಿನ ಹೊತ್ತುಗಳನ್ನು ಚೀಟಿಗಳಲ್ಲಿ ಬರೆದು ಖಾಲಿ ಟೀ ಡಬ್ಬಕ್ಕೆ ಹಾಕಿಸಿದರು. ದಿನಾ ಬೆಳಿಗ್ಗೆ ಎರಡು ಚೀಟಿ ಎತ್ತಿ ಓದದೆ ನನ್ನ ಕೈಗೆ ಕೊಡುತ್ತಿದ್ದರು. "ಇವತ್ತು ಎಷ್ಟಕ್ಕೆ ಬಂದಿದೆ ಚೀಟಿ, ಮೇಡಂ?" ಎಂದು ಕೇಳದ ಆಪರೇಟರ್ ಇರಲಿಲ್ಲ. ಹೇಳಿದ ದಿನ ಒಂದೂ ಇಲ್ಲ. ಹೊಸದು ಬಂದ ಮೊದಲ ವಾರ ಇಪ್ಪತ್ತೇಳು ಜನರ ಕಿವಿಯ ಮೇಲಿತ್ತು. ಎರಡನೇ ವಾರ ಮೂವತ್ತು. ಐದನೇ ವಾರದ ಒಂದು ಗುರುವಾರ ಎರಡೂ ಸುತ್ತಿನಲ್ಲಿ ಮೂವತ್ತನಾಲ್ಕಕ್ಕೆ ಮೂವತ್ತನಾಲ್ಕು. ಈ ಸಲ ಹಳೆಯದಕ್ಕೂ ನನ್ನ ಕಾಲಮ್ಮಿನಲ್ಲಿ ಜಾಗವಿತ್ತು. ನಾನು ಪ್ಯಾಡು ಹಿಡಿದುಕೊಂಡು ಅಕ್ಕನ ಹತ್ತಿರ ಓಡಿದೆ.

ಅವರು ಪ್ಯಾಡು ನೋಡಿದರು. ಸಂತೋಷಪಡಲಿಲ್ಲ.

"ನನ್ನ ಲೆಕ್ಕದಲ್ಲಿ ಮೂವತ್ತೈದು ಜನ" ಎಂದರು.

ನಾನು ಹೆಸರುಗಳನ್ನು ಮತ್ತೆ ಮೇಲಿನಿಂದ ಓದಿದೆ. ಯಾರನ್ನು ಬಿಟ್ಟೆ ಎಂದು ಗೊತ್ತಾಗಲಿಲ್ಲ. ಅಕ್ಕ ನನ್ನ ಕ್ವಾಲಿಟಿ ಟೇಬಲ್ಲಿನ ಕಡೆ ಬೆರಳು ತೋರಿಸಿದರು. ಅದು ಐದನೇ ಮತ್ತು ಆರನೇ ಪ್ರೆಸ್ಸುಗಳ ನಡುವೆ ಇತ್ತು, ಈಗಲೂ ಇದೆ.

"ನಾನು ಯಾವಾಗಲೂ ಅಲ್ಲಿ ಇರಲ್ಲ ಅಕ್ಕ. ಆಫೀಸಿಗೂ ಹೋಗ್ತಿರ್ತೀನಿ. ದಿನಕ್ಕೆ ನಾಲ್ಕೈದು ಗಂಟೆ ಅಷ್ಟೇ."

"ಅಷ್ಟೇನಾ?" ಎಂದು ಅವರು ಕೈ ನೀಡಿ ನನ್ನ ಭುಜದ ಮೇಲಿಟ್ಟರು. "ಇಷ್ಟು ದೂರ ನಿಂತು ನೀನು ನನ್ನ ಹತ್ರ ಮಾತಾಡೋಕೆ ಕೂಗ್ತಾ ಇದೀಯ. ನನಗೆ ಕಿವುಡು ಅಂತ ಕೂಗ್ತಿದೀಯ ಅಂದ್ಕೊಂಡ್ಯಾ? ಯಾರ ಹತ್ರ ಮಾತಾಡಿದ್ರೂ ಕೂಗ್ತೀಯ. ಒಂದು ಕೈ ದೂರಕ್ಕೆ ಕೂಗಬೇಕು ಅಂದ್ರೆ ಅಲ್ಲಿ ಕಿವಿ ಮುಚ್ಕೊಬೇಕು, ಅಷ್ಟೇ ಕಣೆ ಲೆಕ್ಕ. ಮನೆಗೆ ಹೋದ ಮೇಲೆ ಕಿವೀಲಿ ಏನಾದ್ರೂ ಗುಂಯ್ ಅನ್ನುತ್ತಾ?"

"ಹೂಂ. ಸ್ವಲ್ಪ ಹೊತ್ತು."

"ಎಷ್ಟು ಹೊತ್ತು? ನೀನು ಬರೆಯದೇ ಇರಲ್ಲ."

ಮಾರನೆಯ ದಿನ ಡೈರಿ ತಂದೆ. ಊಟದ ಹೊತ್ತಿನಲ್ಲಿ ಅವರ ಬಲಗಡೆ ಕುಳಿತು ಗುಂಯ್ ಎಂಬ ಸಾಲುಗಳನ್ನು ಮಾತ್ರ ಓದಿದೆ. ಮೊದಲ ತಿಂಗಳು ಹತ್ತು ನಿಮಿಷ, ಎಂಟು, ಹನ್ನೆರಡು. ಮೂರನೇ ತಿಂಗಳು ಇಪ್ಪತ್ತೈದು. ಐದನೇ ತಿಂಗಳು ನಲವತ್ತು. ಹಿಂದಿನ ವಾರದ ಎರಡು ದಿನ ನಿಮಿಷದ ಜಾಗದಲ್ಲಿ "ಮಲಗುವವರೆಗೂ" ಎಂದು ಬರೆದಿದ್ದೆ. ನನ್ನ ಅಕ್ಷರ, ನನ್ನ ಅಂಕಿಗಳು. ಒಂದರ ಕೆಳಗೊಂದು ಜೋರಾಗಿ ಓದಿದ ಮೇಲೆಯೇ ಅವು ಏನು ಹೇಳುತ್ತಿವೆ ಎಂದು ತಿಳಿದದ್ದು.

ಅಕ್ಕ ಊಟ ಬಿಟ್ಟು ಕೂತಿದ್ದರು.

"ನಂದು ನಿಲ್ಲೋದೇ ಇಲ್ಲ" ಎಂದರು. "ಹದಿನಾಲ್ಕು ವರ್ಷ ಆಯ್ತು. ಈಗಲೂ ಇದೆ, ನಿನ್ನ ಮಾತಿನ ಹಿಂದೆ. ಚಿಕ್ಕೋಳಿದ್ದಾಗ ನಮ್ಮಪ್ಪ ಜೋಳದ ಹೊಲದಲ್ಲಿ ಹಕ್ಕಿ ಓಡಿಸೋಕೆ ನನ್ನನ್ನೇ ನಿಲ್ಲಿಸೋರು. ಗಿಳಿ ಬರೋದು ಅವರ ಕಣ್ಣಿಗೆ ಕಾಣೋಕೆ ಮೊದಲೇ ನನ್ನ ಕಿವಿಗೆ ಗೊತ್ತಾಗ್ತಿತ್ತು. ಈಗ ಆ ಹೊಲದಲ್ಲಿ ಅಪಾರ್ಟ್‌ಮೆಂಟ್ ಇದೆ, ಗಿಳಿಗಳು ಅಲ್ಲಿಗೂ ಬರ್ತವಂತೆ. ನನಗೆ ಗೊತ್ತಾಗಲ್ಲ. ದೊಡ್ಡ ಸದ್ದು ಈಗಲೂ ಕೇಳುತ್ತೆ ಕಣೆ. ಮೊದಲು ಹೋಗೋದು ಸಣ್ಣ ಸದ್ದು. ಹೋಗಿದ್ದು ಗೊತ್ತೇ ಆಗಲ್ಲ, ಕೇಳಿಸ್ದೇ ಇರೋದನ್ನ ಯಾರು ಎಣಿಸ್ತಾರೆ?"

ಅವತ್ತು ಮಧ್ಯಾಹ್ನವೇ ಸ್ಟೋರಿನಲ್ಲಿದ್ದ ಮಾದರಿಗಳಲ್ಲಿ ಮೂರು ತರಿಸಿ ಒಂದಾದ ಮೇಲೊಂದು ನನ್ನ ತಲೆಗೆ ಹಾಕಿ ನೋಡಿದರು. ನಾನು ಕನ್ನಡಕದವಳು, ನನ್ನ ಕನ್ನಡಕದ ಕಡ್ಡಿ ದಪ್ಪ. ಮೆತ್ತೆಯ ಕೆಳಗೆ ಬೆರಳು ಆಡಿಸಿ, "ಇಲ್ಲಿ ಸಂದಿ ಇದೆ" ಎಂದರು. ಕಿವಿಯ ಹಿಂದಿನ ಕೂದಲನ್ನು ತಾವೇ ಹಿಂದಕ್ಕೆ ತಳ್ಳಿ ಕೂರಿಸಿದರು. ಮೆತ್ತೆ ತುಂಬ ಮೃದುವಾಗಿದ್ದ ಒಂದು ಕೊನೆಗೂ ಸರಿಯಾಗಿ ಕೂತಿತು. "ಕಡ್ಡಿ ತೆಳ್ಳಗಿರೋ ಕನ್ನಡಕ ಮಾಡಿಸ್ಕೊ. ಅಲ್ಲೀವರೆಗೂ ಇದು" ಎಂದರು.

ನನಗೆ ಅದು ಸುಲಭವಾಗಲಿಲ್ಲ. ಮೊದಲ ದಿನ ಅಕ್ಕ ನಾಲ್ಕನೇ ಪ್ರೆಸ್ಸಿನಿಂದಲೇ ನನ್ನನ್ನು ಗಮನಿಸುತ್ತಿದ್ದರು. ಸಂಜೆ ನನ್ನ ಟೇಬಲ್ಲಿನ ಹತ್ತಿರ ಬಂದು ಎಲ್ಲರಿಗೂ ಕೇಳುವಂತೆ ಹೇಳಿದರು: "ಮೇಡಮ್ಮೋರು ಹತ್ತೊಂಬತ್ತು ಸಲ ತೆಗೆದ್ರು. ಬರ್ಕೊಳ್ಳಿ." ಏಳನೇ ಪ್ರೆಸ್ಸಿನವನು ಸಿಳ್ಳೆ ಹಾಕಿದ. ಎರಡನೇ ದಿನ ಹದಿನೈದು. ವಿಜಯನಗರದಲ್ಲಿ ತೆಳು ಕಡ್ಡಿಯ ಕನ್ನಡಕ ಮಾಡಿಸಿಕೊಂಡ ಮೇಲೆ ಆರು. ಆಮೇಲೆ ಎರಡು. ಗುಂಯ್ ಎನ್ನುವ ಕಾಲಮ್ಮಿನಲ್ಲಿ ನಲವತ್ತು ಮೂವತ್ತಾಯಿತು, ಹದಿನೈದಾಯಿತು. ಒಂದು ಸಂಜೆ ಮನೆಗೆ ಬಂದು ಕಾದು ಕೂತೆ, ಬರಲೇ ಇಲ್ಲ. ಅಮ್ಮ ಒಲೆಯ ಮುಂದಿನಿಂದ, ಯಾಕೆ ಸುಮ್ಮನೆ ಕೂತಿದ್ದೀಯ ಎಂದು ಕೇಳಿದಳು. "ಏನೂ ಕೇಳ್ತಿಲ್ಲಮ್ಮ" ಎಂದೆ. ಅವಳಿಗೆ ಗಾಬರಿಯಾಯಿತು. ಸಮಾಧಾನ ಮಾಡಲು ಅರ್ಧ ಗಂಟೆ ಹಿಡಿಯಿತು.

ಆದರೆ ಅಷ್ಟು ತಿಂಗಳಲ್ಲಿ ಹೋದದ್ದೆಷ್ಟು, ಉಳಿದದ್ದೆಷ್ಟು ಎಂದು ನನಗೆ ಗೊತ್ತಿರಲಿಲ್ಲ. ಅಕ್ಕನ ಒತ್ತಾಯಕ್ಕೆ ರಾಜಾಜಿನಗರದ ಒಂದು ಕ್ಲಿನಿಕ್ಕಿನಲ್ಲಿ ಕಿವಿ ಪರೀಕ್ಷೆ ಮಾಡಿಸಿದೆ. ಮುಚ್ಚಿದ ಕೋಣೆಯಲ್ಲಿ ಕೂರಿಸಿ, ಸಣ್ಣ ಸದ್ದು ಬಂದಾಗ ಕೈ ಎತ್ತಲು ಹೇಳಿದರು. ಕಾಗದದ ಮೇಲೆ ಗೆರೆ ನೆಟ್ಟಗೆ ಹೋಗಿ ಕೊನೆಯಲ್ಲಿ, ತೀಕ್ಷ್ಣ ಸದ್ದುಗಳ ಜಾಗದಲ್ಲಿ, ಸ್ವಲ್ಪ ಕೆಳಗಿಳಿದಿತ್ತು. ಡಾಕ್ಟರು, ಕಿವಿ ಕಾಪಾಡಿಕೊಳ್ಳಿ, ಆರು ತಿಂಗಳು ಬಿಟ್ಟು ಮತ್ತೆ ನೋಡೋಣ, ಇಳಿಯುತ್ತಲೇ ಇದ್ದರೆ ಕೆಲಸ ಬದಲಾಯಿಸಬೇಕಾಗಬಹುದು ಎಂದರು. ಆ ಆರು ತಿಂಗಳಲ್ಲಿ ದೊಡ್ಡ ಕಂಪನಿಯವರು ತಪಾಸಣೆಗೆ ಬಂದು ಒಳ್ಳೆಯ ಮಾತು ಬರೆದು ಹೋದರು. ಮಾರ್ಚೂ ಬಂತು.

ಬೀಳ್ಕೊಡುಗೆಯ ದಿನ ಶಾಲು, ಹಾರ, ಗೋಡೆ ಗಡಿಯಾರ ಎಲ್ಲ ಆಯಿತು. ಮಾತಾಡಿ ಎಂದರೆ ಅಕ್ಕ ಎದ್ದು ನಿಂತು, "ಎಲ್ಲರೂ ಹಾಕ್ಕೊಳ್ರಪ್ಪ" ಎಂದಷ್ಟೇ ಹೇಳಿ ಕೂತುಬಿಟ್ಟರು. ಹೋಗುವಾಗ ತಮ್ಮ ಪ್ರೆಸ್ಸಿನ ಮೈಮೇಲೆ ಅಂಗೈ ಇಟ್ಟರು. ಅದು ನಿಂತಿತ್ತು. ಆದರೂ ಸ್ವಲ್ಪ ಹೊತ್ತು ಇಟ್ಟುಕೊಂಡೇ ಇದ್ದರು.

ನನ್ನ ಎರಡನೇ ಪರೀಕ್ಷೆ ಆಮೇಲೆ ಆಯಿತು. ಡಾಕ್ಟರು ನಾರ್ಮಲ್ ಎಂದು ಬರೆದುಕೊಟ್ಟರು. ಆದರೆ ಗೆರೆ ಹಳೆಯ ಜಾಗದಲ್ಲೇ ಕೊಂಚ ಕೆಳಗಿದ್ದ ಹಾಗೆ ನನ್ನ ಕಣ್ಣಿಗೆ ಕಂಡಿತು. ಮುಂದಿನ ಭಾನುವಾರ ಕಾಗದ ಹಿಡಿದುಕೊಂಡು ಕೆಂಗೇರಿಗೆ, ಅಕ್ಕನ ಮನೆಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು ಆ ಗೆರೆಯನ್ನು ಬೆರಳಿನಿಂದ ಈ ತುದಿಯಿಂದ ಆ ತುದಿಯವರೆಗೆ ಸವರಿದರು. ಕೊನೆಯ ಇಳಿಜಾರಿನಲ್ಲಿ ಬೆರಳು ನಿಂತಿತು.

"ಇದೇನಿದು?"

"ಇಷ್ಟಿದ್ರೂ ನಾರ್ಮಲ್ಲೇ ಅಂತೆ ಅಕ್ಕ."

"ಅಂತೆ ಬೇಡ" ಎಂದು ಅವರು ಎದ್ದರು.

ಫ್ಯಾನ್ ಆರಿಸಿದರು. ಬೀದಿ ಕಡೆಯ ಕಿಟಕಿ ಮುಚ್ಚಿದರು. ನನ್ನನ್ನು ಅಡುಗೆಮನೆಗೆ ಬೆನ್ನು ಮಾಡಿ ಕೂರಿಸಿ, ಕಣ್ಣು ಮುಚ್ಚಲು ಹೇಳಿದರು. ಹಿಂದೆ ಡಬ್ಬಿಯೊಂದರ ಮುಚ್ಚಳ ತೆಗೆದ ಸದ್ದು, ಸ್ಟೀಲ್ ತಟ್ಟೆ ಇಟ್ಟ ಸದ್ದು.

"ಸಾಸಿವೆ ಹಾಕ್ತೀನಿ. ಒಂದೊಂದೇ. ಎಷ್ಟು ಬಿತ್ತು ಹೇಳು."

ನಾನು ಉಸಿರು ಹಿಡಿದುಕೊಂಡೆ. ಟಿಣ್ ಎಂದಿತು, ಅಷ್ಟೂ ಅಲ್ಲ, ಅದರ ಅರ್ಧ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಮೂರು. ನಾಲ್ಕು. ದೂರದಲ್ಲಿ ಮೆಟ್ರೊ ಹೋಯಿತು; ಅವರಿಗೆ ಅದು ಕೇಳದಿದ್ದರೂ ನನ್ನ ತಲೆ ಆ ಕಡೆ ತಿರುಗಿದ್ದು ನೋಡಿ ತಡೆದಿರಬೇಕು. ಐದು. ಆರು. ಆರರ ಬೆನ್ನ ಹಿಂದೆಯೇ, ತೀರಾ ಮೆಲ್ಲಗೆ, ತಟ್ಟೆಯ ಅಂಚಿನಲ್ಲಿ ಎಂಬಂತೆ, ಮತ್ತೊಂದು. ಆಮೇಲೆ ಏನೂ ಇಲ್ಲ.

ಅಕ್ಕ ನನ್ನ ಮುಂದೆ ಬಂದು ನನ್ನ ತುಟಿ ನೋಡುತ್ತಾ ನಿಂತರು. "ಎಷ್ಟು?"

"ಏಳು."

ಅವರ ಮುಖ ಇಳಿದುಹೋಯಿತು. "ಆರು ಕಣೆ" ಎಂದರು. "ನಾನು ಹಾಕಿದ್ದು ಆರೇ."

"ಏಳು ಕೇಳಿಸ್ತು ಅಕ್ಕ."

ಇಲ್ಲದ ಸದ್ದು ಕೇಳುವುದು ಏನೆಂದು ಅವರಿಗೆ ಗೊತ್ತಿತ್ತು. ಅವರು ಅಡುಗೆಮನೆಗೆ ಹೋದರು. ನಾನೂ ಹಿಂದೆ ಹೋದೆ. ಅವರು ತಟ್ಟೆಯ ಮೇಲೆ ಬಗ್ಗಿ, ತೋರುಬೆರಳಿನಿಂದ ಒಂದೊಂದೇ ಕಾಳನ್ನು ಪಕ್ಕಕ್ಕೆ ತಳ್ಳುತ್ತಾ ಎಣಿಸಿದರು. ಆರು ಕಾಳು ನಡುವೆ ಇದ್ದವು. ಏಳನೆಯದು ಅಂಚಿನ ಮಡಿಕೆಯಲ್ಲಿ ಸಿಕ್ಕಿತು. ಅವರು ತಮ್ಮ ಕೈ ತಿರುಗಿಸಿ ನೋಡಿಕೊಂಡರು. ಬೆರಳ ಸಂದಿಯಲ್ಲಿ ಇನ್ನೂ ಎರಡು ಕಾಳು ಅಂಟಿಕೊಂಡಿದ್ದವು.

"ಜಾರಿಬಿಟ್ಟಿದೆ" ಎಂದರು. "ನನಗೇ ಗೊತ್ತಾಗಿಲ್ಲ."

ಮತ್ತೊಮ್ಮೆ ಮೊದಲಿನಿಂದ ಎಣಿಸಿದರು. ಮತ್ತೆ ಏಳೇ ಬಂತು.